ತುಪಾಕಿಯ ವಯಸ್ಸು

ನಮ್ಮ ಹಳ್ಳಿಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲ ಮೇಲ್ಗಡೆ ಎರಡು ಮರದ ಗೂಟಗಳಿವೆ. 2023ರವರೆಗೆ ಅವುಗಳ ಮೇಲೆ ಒಂದು ಜೋಡುನಳಿಗೆಯ ಕೋವಿ ಮಲಗಿರುತ್ತಿತ್ತು. ಈಗ ಬರೀ ಗೂಟಗಳಿವೆ. ಸೊಸೆಯಾಗಿ ಆ ಮನೆಗೆ ಹೊಸದಾಗಿ ಬಂದಾಗ ನನಗೆ ಆ ಕೋವಿ ಎಂದರೆ ಭಯ. ಅದರ ಕೆಳಗೆ ಹಾಯುವಾಗಲೆಲ್ಲ ತಲೆ ತಗ್ಗಿಸಿ ಹೋಗುತ್ತಿದ್ದೆ. ಅದನ್ನು ಕಂಡ ನೆಂಟರಿಷ್ಟರು, ಹೊಸ ಸೊಸೆಗೆ ದೇವರಲ್ಲಿ ಎಂಥ ಭಕ್ತಿ ಎಂದು ಮೆಚ್ಚಿಕೊಂಡಿದ್ದರಂತೆ!

ನಮ್ಮ ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ಶ್ರೀನಿವಾಸಪುರದ ಗಡಿಗೆ ತಾಗಿದಂತಿದೆ. ಆಂಧ್ರದ ಎಲ್ಲೆಯೂ ದೂರವಿಲ್ಲ. ಮನೆಯೊಳಗಿನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೋಲಾರ ಪೇಟೆಯಲ್ಲಿ ಬೆಳೆದ ನಾನು ಬಂದೂಕು ಎನ್ನುತ್ತಿದ್ದೆ. ಮನೆಯವರಿಗೆಲ್ಲ ಅದು ತುಪಾಕಿ. ಕೊಡಗಿನ ಕೋವಿಗಿರುವ ಗೌರವ ನಮ್ಮ ಬಯಲುಸೀಮೆಯ ತುಪಾಕಿಗಿಲ್ಲ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು. ನಮ್ಮದು ಲೈಸೆನ್ಸಿನ ಬದುಕು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಮಾತಿಲ್ಲ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದಾಗ, ಮಾವಿನ ತೋಪಿಗೆ ಕೋತಿಯ ಹಿಂಡು ಇಳಿದಾಗ, ಆಕಾಶಕ್ಕೆ ಒಂದು ಈಡು ಹಾರಿಸಿ ಹೆದರಿಸುವುದು, ಅಷ್ಟೇ ಅದರ ಕೆಲಸ. ಎಲೆಕ್ಷನ್ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಆಗ ನಮ್ಮ ಅತ್ತೆ, "ತುಪಾಕಿ ತವರಿಗೆ ಹೋಗಿದೆ" ಎಂದು ನಗುತ್ತಿದ್ದರು.

ಆದರೆ ಆ ತುಪಾಕಿಗೆ ಒಂದು ಕಥೆಯಿತ್ತು. ಮಾವನವರ ತಾತ ಚಿನ್ನದ ಗಣಿಗೆ ಗಾಡಿಗಟ್ಟಲೆ ಸೌದೆ ಹೊಡೆಸುತ್ತಿದ್ದರಂತೆ. ಗಣಿಯ ಬಿಳಿಯ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟಾಗ ಅವರ ಪ್ರಾಮಾಣಿಕತೆಗೆ ಮೆಚ್ಚಿ ಅದನ್ನು ಕೊಟ್ಟನಂತೆ. "ಗಣಿಗೆ ಕರೆಂಟು ಬರೋಕೆ ಮುಂಚೆ ನಮ್ಮನೆಗೆ ತುಪಾಕಿ ಬಂತು" ಎಂಬುದು ಮಾವನವರ ಮಾತು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್.ಗೆ ವಿದ್ಯುತ್ ತಂದದ್ದು 1902ರಲ್ಲಿ. ಎಂದರೆ ತುಪಾಕಿ ಅದಕ್ಕೂ ಹಳೆಯದು. ಕಥೆಯ ಕೊನೆಗೆ ಮಾವ ಇನ್ನೊಂದು ಮಾತು ಸೇರಿಸುತ್ತಿದ್ದರು: "ಆಗ ನಳಿಗೆ ಮೇಲೆ ಹಾವಿನ ಪೊರೆ ಥರಾ ಚಿತ್ತಾರ ಇತ್ತಂತೆ. ನಮ್ಮಜ್ಜಿ ಹೇಳ್ತಿದ್ರು." ನಳಿಗೆಯೋ ನುಣ್ಣಗೆ, ಕಪ್ಪಗೆ ಇತ್ತು. "ಚಿತ್ತಾರ ಎಲ್ಲೋಯ್ತು ತಾತ?" ಎಂದು ಮಕ್ಕಳು ಕೇಳಿದರೆ, "ಉಜ್ಜಿ ಉಜ್ಜಿ ಹೋಗಿರ್ಬೇಕು" ಎನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಆಧಾರವಿಲ್ಲದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಪಾಠ ಮಾಡಿ ಮಾಡಿ ಅದೇ ಒಂದು ಚಟವಾಗಿಬಿಟ್ಟಿದೆ. ಒಮ್ಮೆ ಬೆಂಗಳೂರಿನ ಹಳೆ ಪುಸ್ತಕದಂಗಡಿಯಲ್ಲಿ ಕೋವಿಗಳ ಮುದ್ರೆಗಳ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಇರುವುದನ್ನು ನೀವು ನೋಡಿದ್ದೀರಲ್ಲ, ಇದೂ ಹಾಗೆಯೇ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾನೂನು ಮಾಡಿ ಒಂದು ಪರೀಕ್ಷಾ ಮನೆ ತೆರೆದರು. ಹೊಸ ನಳಿಗೆಗೆ ಬೇಕಾದುದಕ್ಕಿಂತ ಹೆಚ್ಚು ಮದ್ದು ತುಂಬಿ ಅಲ್ಲಿ ಹಾರಿಸುತ್ತಾರೆ. ಸಿಡಿಯದೆ ಉಳಿದರೆ ಅದರ ಮೇಲೆ ಮುದ್ರೆ ಒತ್ತುತ್ತಾರೆ. ಕಾಲಕ್ಕೆ ತಕ್ಕಂತೆ ಮುದ್ರೆಯ ಆಕಾರ ಬದಲಾಗಿದೆ. ಆದ್ದರಿಂದ ಮುದ್ರೆ ನೋಡಿ ಕಾಲ ಹೇಳಬಹುದು.

2012ರ ಆಯುಧಪೂಜೆಯ ದಿನ ಯಜಮಾನರು ತುಪಾಕಿ ಇಳಿಸಿ, ಬಿಚ್ಚಿ, ಎಣ್ಣೆ ಒರೆಸುತ್ತಿದ್ದರು. ಒಡಲು ಅವರ ಕೈಲಿತ್ತು, ನಳಿಗೆಗಳು ಚಾಪೆಯ ಮೇಲಿದ್ದವು. ನಾನು ನಳಿಗೆಗಳನ್ನು ಮಗುಚಿ ನೋಡಿದೆ. ತಳದಲ್ಲಿ ಪುಟ್ಟ ಕಿರೀಟಗಳು, ಅವುಗಳ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂಬ ಅಕ್ಷರಗಳು. ಬರ್ಮಿಂಗ್‌ಹ್ಯಾಮಿನಲ್ಲಿ ಈ ಮುದ್ರೆಗಳು ಬಳಕೆಗೆ ಬಂದದ್ದು 1904ರಲ್ಲಿ. ಎನ್.ಪಿ. ಎಂದರೆ ಹೊಗೆಯಿಲ್ಲದ ಹೊಸ ಮದ್ದಿಗೆ ನಡೆಸಿದ ಪರೀಕ್ಷೆ. ನನಗೆ ಹಿಗ್ಗೋ ಹಿಗ್ಗು. ಮಕ್ಕಳು, ನೆಂಟರು ಎಲ್ಲ ಕೂತಿದ್ದಾಗಲೇ ಹೇಳಿಬಿಟ್ಟೆ: "ಮಾವ, ಇದು 1904ಕ್ಕೆ ಮುಂಚೆ ಇರೋಕೇ ಸಾಧ್ಯವಿಲ್ಲ. ಕರೆಂಟು ಬಂದ ಮೇಲೆಯೇ ಇದು ಬಂದಿದ್ದು."

ಮಕ್ಕಳು ಚಪ್ಪಾಳೆ ತಟ್ಟಿದರು. ಮಾವ ಏನೂ ಹೇಳಲಿಲ್ಲ. ತುಪಾಕಿಗೆ ಇಡಬೇಕೆಂದು ಕೈಲಿ ಹಿಡಿದಿದ್ದ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ತೋಟದ ಕಡೆ ಹೋದರು. ಆ ವರ್ಷ ಕುಂಕುಮ ಇಟ್ಟದ್ದು ನನ್ನ ಯಜಮಾನರು. ಆಮೇಲೆ ಮೊಮ್ಮಕ್ಕಳು ಕಥೆ ಕೇಳಿದರೆ ಮಾವ, "ನಿಮ್ಮಮ್ಮನ್ನ ಕೇಳ್ರಪ್ಪ, ಅವಳಿಗೆ ಗೊತ್ತು" ಎನ್ನತೊಡಗಿದರು. ನಿಜ ಹೇಳಿದ್ದಕ್ಕೆ ಯಾಕೆ ಬೇಸರ ಪಡಬೇಕು ಎಂದು ನನ್ನ ಮನಸ್ಸಿನಲ್ಲಿ ವಾದ ಹೂಡಿಕೊಂಡೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

2013ರ ವಿಧಾನಸಭೆ ಚುನಾವಣೆ ಮುಗಿದು ತುಪಾಕಿ ತವರಿನಿಂದ ವಾಪಸು ಬಂದಾಗ ಎಡಗಡೆಯ ಕುದುರೆ ಬಿಗಿದುಕೊಂಡಿತ್ತು. ಗುಂಡಿನ ಬೆನ್ನಿಗೆ ಬಡಿಯುವ, ಹೊರಗೆ ಕಾಣುವ ಆ ಸಣ್ಣ ಸುತ್ತಿಗೆಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ರಿಪೇರಿಗೆಂದು ಯಜಮಾನರ ಜೊತೆ ಬೆಂಗಳೂರಿಗೆ ಹೋದೆ. ಅಂಗಡಿಯಲ್ಲಿದ್ದ ಮುದುಕರು ಕೋವಿಯನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಅವರ ಕಸುಬು ತಿಳಿಯುತ್ತಿತ್ತು. ನಾನು ನನ್ನ ಪಾಂಡಿತ್ಯವನ್ನು ಅವರ ಮುಂದೆಯೂ ಬಿಚ್ಚಿದೆ. ಅವರು ನಕ್ಕು, ನಳಿಗೆ ತೆಗೆದಿಟ್ಟು, ಒಡಲಿನ ಮೇಲೆ ಗಟ್ಟಿಯಾಗಿ ಕೂತಿದ್ದ ಹಳೆ ಎಣ್ಣೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕೈಗೊಂದು ಭೂತಗನ್ನಡಿ ಕೊಟ್ಟರು. ಅಲ್ಲಿ ಬೇರೆಯೇ ಮುದ್ರೆಯಿತ್ತು: ಒಂದರ ಮೇಲೊಂದು ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ. ಅದು 1904ಕ್ಕೆ ಮುಂಚಿನ ಬರ್ಮಿಂಗ್‌ಹ್ಯಾಮಿನ ಗುರುತು.

"ಮೇಡಂ, ಕೋವಿಗೆ ಒಂದೇ ವಯಸ್ಸು ಇರಲ್ಲ. ನಳಿಗೆಗೊಂದು, ಒಡಲಿಗೊಂದು, ಮರಕ್ಕೊಂದು," ಎಂದರು ಅವರು. ಒಂದೊಂದಾಗಿ ತೋರಿಸಿದರು. ಮಡಚಿ ತೋಟಾ ತುಂಬುವ ಫ್ರೆಂಚರ ಕೋವಿಯನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಂಡ ಮೇಲೆ ಇಂಗ್ಲಿಷರು ಅದನ್ನು ಕಲಿತರಂತೆ. ಬಡಿದ ಕುದುರೆ ತಾನಾಗಿ ಹಿಂದಕ್ಕೆ ಸರಿದು ನಿಲ್ಲುವ ಬೀಗಕ್ಕೆ ಸ್ಟ್ಯಾಂಟನ್ ಎಂಬವನು 1867ರಲ್ಲಿ ಪೇಟೆಂಟ್ ಪಡೆದ. 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಕುದುರೆಯನ್ನೇ ಒಡಲೊಳಗೆ ಅಡಗಿಸಿದರು. ನಮ್ಮ ತುಪಾಕಿಯ ಕುದುರೆ ಹೊರಗಿದೆ, ಬಡಿದು ಹಿಂದಕ್ಕೂ ಸರಿಯುತ್ತದೆ. ಹಾಗೆಂದು ಅದು 1867ರ ನಂತರದ್ದೇ ಎಂದು ಹೇಳಿಬಿಡುವ ಹಾಗೂ ಇಲ್ಲ; ಹಳೆ ಬೀಗವನ್ನು ಆಮೇಲೆ ತಿದ್ದಿರುವುದೂ ಉಂಟು. ಹೊಸ ವಿಧಾನ ಬಂದಿತೆಂದು ಹಳೆಯದನ್ನು ಮಾಡುವುದೂ ಕೂಡಲೇ ನಿಲ್ಲಲಿಲ್ಲ. ಎಡಗಡೆಯ ಕುದುರೆಯ ಮೇಲೆ ಅರದ ಗೀರುಗಳಿದ್ದವು, ಬಲಗಡೆಯದರ ಕೆತ್ತನೆ ಅದಕ್ಕಿರಲಿಲ್ಲ. ನಮ್ಮ ಕಡೆಯ ಯಾರೋ ಕಮ್ಮಾರರ ಕೆಲಸ. ಹಿಂಬದಿಯ ಮರವೂ ಇಲ್ಲಿಯದೇ. ಇವಕ್ಕೆ ಯಾವ ಮುದ್ರೆಯೂ ಇರಲಿಲ್ಲ.

ನಾನು ಹಾವಿನ ಪೊರೆಯ ಚಿತ್ತಾರದ ವಿಷಯ ತೆಗೆದೆ. ಮುದುಕರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ಅದು ಡಮಾಸ್ಕಸ್ ನಳಿಗೆ," ಎಂದರು. ಕಬ್ಬಿಣ, ಉಕ್ಕುಗಳ ಪಟ್ಟಿಗಳನ್ನು ಹಗ್ಗದಂತೆ ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಮಾಡುತ್ತಿದ್ದ ಹಳೆಯ ನಳಿಗೆ ಅದು. ಅದರ ಮೈಮೇಲೆ ರೇಷ್ಮೆ ಬಟ್ಟೆಯಲ್ಲಿರುವಂಥ ಸುರುಳಿ ಚಿತ್ತಾರ ಏಳುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಹಳೆಯ ನಳಿಗೆಗಳನ್ನು ನಂಬುವುದು ಕಷ್ಟವಾಗಿ, ಎಷ್ಟೋ ಜನ ಉಕ್ಕಿನ ಹೊಸ ನಳಿಗೆ ಹಾಕಿಸಿಕೊಂಡರು. ನಮ್ಮದಕ್ಕೂ ಹಾಗೇ ಆಗಿರಬೇಕು. ಆಗ ಯಜಮಾನರಿಗೆ ನೆನಪಾಯಿತು: ತುಪಾಕಿ ಒಮ್ಮೆ ಮದರಾಸಿಗೆ ಹೋಗಿ ವರ್ಷಗಟ್ಟಲೆ ಬರಲೇ ಇಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು.

ಯಾವುದನ್ನು ನಾನು ಅಜ್ಜಿಕಥೆ ಎಂದು ನಕ್ಕಿದ್ದೆನೋ ಅದೇ ಸಾಕ್ಷಿಯಾಗಿತ್ತು. ಓದು ಬಾರದ ಒಬ್ಬ ಹೆಂಗಸು ಕಣ್ಣಲ್ಲಿ ಕಂಡದ್ದನ್ನು ಸರಿಯಾಗಿಯೇ ಹೇಳಿದ್ದಳು. ಮುದ್ರೆಯೂ ಸುಳ್ಳು ಹೇಳಿರಲಿಲ್ಲ. ನಳಿಗೆಯ ಮುದ್ರೆ ನಳಿಗೆಯ ಮಾತು ಹೇಳಿತ್ತು. ಅದನ್ನು ಇಡೀ ತುಪಾಕಿಯ ಮಾತೆಂದು ಓದಿದವಳು ನಾನು. ತುಪಾಕಿ 1902ಕ್ಕೆ ಮುಂಚೆ ಮನೆಗೆ ಬಂತೆಂದು ಇದರಿಂದ ಸಾಬೀತಾಗಲಿಲ್ಲ, ನಿಜ. ಆದರೆ ಬಂದಿರಲಿಲ್ಲ ಎಂದು ನಾನು ಕೊಟ್ಟ ತೀರ್ಪಂತೂ ಬಿದ್ದುಹೋಯಿತು.

ನಮ್ಮ ಆವನಿಗೆ ನೀವು ಹೋಗಿರಬಹುದು. ಅಲ್ಲಿಯ ಗುಡಿಗಳು ನೊಳಂಬರ ಕಾಲದವು, ಸಾವಿರ ವರ್ಷಕ್ಕೂ ಹಳೆಯವು. ವಿಜಯನಗರದ ಕಾಲದವರು ಅವಕ್ಕೆ ತಮ್ಮದನ್ನು ಸೇರಿಸಿದರು. ಆಮೇಲಿನ ಕಂಬವೊಂದನ್ನು ತೋರಿಸಿ ಗುಡಿಯೇ ಆಮೇಲಿನದು ಎಂದು ನನ್ನ ವಿದ್ಯಾರ್ಥಿ ಯಾರಾದರೂ ಬರೆದಿದ್ದರೆ ನಾನು ಕೆಂಪು ಇಂಕಿನಲ್ಲಿ ಗೀಟು ಎಳೆಯುತ್ತಿದ್ದೆ. ತುಪಾಕಿಯ ವಿಷಯದಲ್ಲಿ ನಾನು ಮಾಡಿದ್ದು ಅದೇ ತಪ್ಪು. ಮನೆಗೆ ಬಂದವಳೇ ಮಾವನವರಿಗೆ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವರು, "ಅಂತೂ ನಮ್ಮಜ್ಜಿ ಸುಳ್ಳು ಹೇಳಿರಲಿಲ್ಲ ಅಂತಾಯ್ತಲ್ಲ, ಬಿಡು" ಎಂದರು. ಆದರೆ ಕಥೆಯನ್ನು ಮೊದಲಿನ ಹುರುಪಿನಿಂದ ಮತ್ತೆ ಹೇಳಲೇ ಇಲ್ಲ. ಎಪ್ಪತ್ತು ದಾಟಿದವರ ಬಾಯಿಂದ ಒಂದು ಕಥೆಯನ್ನು ಕಿತ್ತುಕೊಂಡರೆ ಅದನ್ನು ಮತ್ತೆ ಅಲ್ಲಿ ಕೂರಿಸುವ ಕಸುಬು ಯಾವ ಅಂಗಡಿಯವರಿಗೂ ಬಾರದು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 2023ರಲ್ಲಿ ಮಾವ ತೀರಿಕೊಂಡರು. ಲೈಸೆನ್ಸುದಾರರು ಇಲ್ಲವಾದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಠಾಣೆಗೋ ಲೈಸೆನ್ಸುಳ್ಳ ಅಂಗಡಿಗೋ ಒಪ್ಪಿಸಬೇಕು. ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಬೇಕೆಂದರೆ ಉಳಿದವರ ಒಪ್ಪಿಗೆಯೊಡನೆ ಅರ್ಜಿ ಹಾಕಬೇಕು. ಆ ಒಪ್ಪಿಗೆಗಾಗಿ ಮಾಲೂರಿನಿಂದ ನನ್ನ ದೊಡ್ಡ ನಾದಿನಿ ಬಂದರು.

ಅವರು ಈ ಮನೆಯ ಹಿರಿಯ ಮಗಳು. 1974ರಲ್ಲಿ ಏಳನೇ ಕ್ಲಾಸು ಪಾಸಾದಾಗ, ಹೈಸ್ಕೂಲಿಗೆ ಮುಳಬಾಗಿಲಿಗೆ ಹೋಗಬೇಕೆಂದು ಹಟ ಹಿಡಿದಿದ್ದರಂತೆ. ಮಾವ "ಸಾಕು" ಎಂದರಂತೆ. ಅದೊಂದೇ ಮಾತು. ಹದಿನಾರಕ್ಕೆ ಮದುವೆ. 1991ರಲ್ಲಿ ಗಂಡ ತೀರಿಕೊಂಡಾಗ, ಯಾರೋ ಮುಂದೆ ಹಿಡಿದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿ ತಮ್ಮ ಪಾಲಿನ ಹೊಲ ಕಳೆದುಕೊಂಡರು. ಆಮೇಲೆ ಎರಡು ಮಕ್ಕಳನ್ನು ಹೆಂಚಿನ ಕಾರ್ಖಾನೆಯ ಕೂಲಿಯಲ್ಲಿ ಸಾಕಿದರು.

ನಾನು ಕಂಡ ಮಾವನೇ ಬೇರೆ. ನಾನು ಮದುವೆಯಾಗಿ ಬಂದದ್ದು 1993ರಲ್ಲಿ, ಬಿ.ಎ. ಮುಗಿಸಿ. ಬಿ.ಎಡ್. ಮಾಡುವ ಆಸೆಯಿದೆ ಎಂದು ಹೆದರಿ ಹೆದರಿ ಹೇಳಿದಾಗ ಮಾವ ಎರಡು ಮೂಟೆ ಹುಣಿಸೆಹಣ್ಣು ಮಾರಿ ಫೀಸು ಕಟ್ಟಿಬಂದರು. ಮಗು ಕೈಗೂಸು. "ಮಗೂನ ನಾವು ನೋಡ್ಕೋತೀವಿ, ನೀನು ಓದು" ಎಂದರು. ಬೆಳಗಿನ ಬಸ್ಸಿಗೆ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ರಸ್ತೆಯವರೆಗೆ ಬಿಟ್ಟುಬರುತ್ತಿದ್ದರು. ಊರವರ ಮಾತಿಗೆ ಸೊಪ್ಪು ಹಾಕಲಿಲ್ಲ. ನನ್ನ ಮೂವತ್ತು ವರ್ಷದ ಕೆಲಸ, ಸಂಬಳ, ಇವತ್ತು ಹೀಗೆ ಕೂತು ನಾಲ್ಕು ಸಾಲು ಬರೆಯುವ ಧೈರ್ಯ, ಎಲ್ಲಕ್ಕೂ ಅವರ ಋಣವಿದೆ.

ಅಂದು ನಡುಮನೆಯಲ್ಲಿ ಇಬ್ಬರೇ ಕೂತಿದ್ದೆವು. ನಾನು ತುಪಾಕಿಯ ಕಥೆಯನ್ನೆಲ್ಲ ನಾದಿನಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ, "ಮಾವನೂ ಹಾಗೇ ಅಕ್ಕ, ಆಮೇಲೆ ಎಷ್ಟು ಬದಲಾದರು" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನೀನು ಕಂಡಿದ್ದು ಹೊಸ ನಳಿಗೆ ಕಣೆ," ಎಂದರು. "ಹಳೇದರಿಂದ ಹಾರಿದ್ದು ನನಗೆ ತಗುಲಿದ್ದು."

ಈ ಮಾತು ಆಮೇಲೆ ನನ್ನನ್ನು ಬಿಟ್ಟಿಲ್ಲ. ರಥದ ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳಿದ್ದನ್ನು ನಾವು ಓದಿದ್ದೇವೆ. ಭಾಗಗಳು ಬದಲಾದರೆ ವಸ್ತು ಅದೇ ಉಳಿಯುತ್ತದೆಯೇ ಎಂದು ಚರ್ಚೆ ಮಾಡುವುದು ಒಂದು ರೀತಿಯ ಸುಖ. ನಾದಿನಿಯ ಪ್ರಶ್ನೆ ಅದಲ್ಲ. ಬದಲಾದವನು ಹಳೆಯ ಲೆಕ್ಕಕ್ಕೆ ಉತ್ತರ ಕೊಡಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. ಮನುಷ್ಯ ಬದಲಾದ ಎಂದು ಮೆಚ್ಚುವವರು ಸಾಮಾನ್ಯವಾಗಿ ಆ ಬದಲಾವಣೆಯ ಫಲ ಉಂಡವರು. ನಾನು ಉಂಡವಳು. ನಾದಿನಿಗೆ ಅದರಲ್ಲಿ ಒಂದು ತುತ್ತೂ ಸಿಕ್ಕಿರಲಿಲ್ಲ. ಅವರ ಪಾಲಿಗೆ ಅಪ್ಪನ ಕಾಲ 1974ರಲ್ಲೇ ನಿಂತಿತ್ತು. ಅದನ್ನು ದ್ವೇಷ ಎನ್ನಲೇ? ನಾನು ನಳಿಗೆಯೊಂದನ್ನೇ ನೋಡಿ ತುಪಾಕಿಗೆ ವಯಸ್ಸು ಕಟ್ಟಿದ್ದೆ. ಮಾವನವರನ್ನೂ ಹಾಗೇ ಒಂದು ಮುದ್ರೆಯಿಂದ ಅಳೆದು ಒಳ್ಳೆಯವರೆಂದು ತೀರ್ಮಾನಿಸಿದ್ದೆ. ಕೆಟ್ಟವರೆನ್ನುವಾಗ ಆಗುವ ತಪ್ಪು ಒಳ್ಳೆಯವರೆನ್ನುವಾಗಲೂ ಆಗುತ್ತದೆ.

ಕೋವಿಯ ನಳಿಗೆ ಬದಲಾದರೆ ಹೊಸದಾಗಿ ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿದೆ. ಯಾವಾಗ ಬದಲಾಯಿತು ಎಂಬುದು ನೂರು ವರ್ಷದ ಮೇಲೂ ಯಾರಿಗಾದರೂ ತಿಳಿಯುತ್ತದೆ. ನಾವು ಬದಲಾದಾಗ ಯಾರು ಮುದ್ರೆ ಒತ್ತುತ್ತಾರೆ? ಊರಿನ ಕಮ್ಮಾರ ಅರದಿಂದ ತಿದ್ದಿದ ಎಡಗಡೆಯ ಕುದುರೆಯ ಹಾಗೆ ನಮ್ಮ ಬದಲಾವಣೆಗಳು. ನಾವು ಯಾರಿಗೆ ನೋವು ಮಾಡಿದ್ದೆವೋ ಅವರ ಬಳಿ ಹೋಗಿ ಬಾಯಿಬಿಟ್ಟು ಹೇಳಿದರಷ್ಟೇ ಅದು ಅವರಿಗೆ ತಿಳಿಯುವುದು. ಮಾವ ಮಾಲೂರಿಗೆ ವರ್ಷಕ್ಕೆರಡು ಸಲ ಹೋಗುತ್ತಿದ್ದರು, ಮಾವಿನಹಣ್ಣು ಕೊಡುತ್ತಿದ್ದರು, ಮೊಮ್ಮಕ್ಕಳ ಕೈಗೆ ದುಡ್ಡು ಇಡುತ್ತಿದ್ದರು. ಆದರೆ ಆ "ಸಾಕು" ಎಂಬ ಮಾತನ್ನು ಒಂದು ಸಲವೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಆ ತಲೆಮಾರಿನ ಗಂಡಸರಿಗೆ ಅದು ಬರುತ್ತಿರಲಿಲ್ಲ ಎಂದು ಸಮಾಧಾನ ಹೇಳಬಹುದು. ಅಪ್ಪ ಅದನ್ನು ಕಲಿಯಲಿ ಎಂದು ಐವತ್ತು ವರ್ಷ ಕಾದವರಿಗೆ ಆ ಸಮಾಧಾನ ಸಾಲುವುದಿಲ್ಲ.

ನನಗೆ ಒಂದು ಸಂಗತಿ ಗೊತ್ತಿತ್ತು. ನಮ್ಮ ಅತ್ತೆ ತೀರಿಕೊಳ್ಳುವ ಮುಂಚೆ ಹೇಳಿದ್ದು. ಮಗಳು ಹೊಲ ಕಳೆದುಕೊಂಡ ಸುದ್ದಿ ಬಂದ ರಾತ್ರಿ ಮಾವ ಊಟ ಮಾಡಲಿಲ್ಲವಂತೆ. ಜಗಲಿಯ ಮೇಲೆ ಕೂತು, "ನಾನು ಅವಳನ್ನ ಹೈಸ್ಕೂಲಿಗೆ ಕಳಿಸಿದ್ರೆ ಆ ಕಾಗದ ಓದ್ಕೋತಿದ್ಳು" ಎಂದರಂತೆ. ಎರಡು ವರ್ಷದ ನಂತರ ನಾನು ಬಿ.ಎಡ್. ಎಂದಾಗ ಅವರು ಏಕೆ ಒಂದು ಕ್ಷಣವೂ ಯೋಚಿಸಲಿಲ್ಲ ಎಂಬುದು ನನಗೆ ಆಗ ಅರ್ಥವಾಗಿತ್ತು. ಅರ್ಥವಾಗಿಯೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಓದು ಇನ್ನೊಬ್ಬಳ ನಷ್ಟದ ಮೇಲೆ ನಿಂತಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಆಯುಧಪೂಜೆಯ ದಿನ ಎಲ್ಲರೆದುರು ನಿಜ ಹೇಳಲು ನನಗೆ ಎಷ್ಟು ಆತುರವಿತ್ತು! ಈ ನಿಜಕ್ಕೆ ಮಾತ್ರ ವರ್ಷಗಟ್ಟಲೆ ತಡ. ಒಂದರಿಂದ ನನ್ನ ಜಾಣತನ ಕಾಣುತ್ತಿತ್ತು, ಇನ್ನೊಂದರಿಂದ ನನ್ನ ಸಾಲ.

ಅಂದು ಹೇಳಿಬಿಟ್ಟೆ. ನಾದಿನಿ ಅಳಲಿಲ್ಲ. "ಹಂಗಂದಿದ್ರಾ?" ಎಂದು ಕೇಳಿದರು. "ನನಗೇ ಹೇಳಬಹುದಿತ್ತು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನೀನಾದ್ರೂ ಮುಂಚೆ ಹೇಳಬಹುದಿತ್ತು" ಎಂದರು. ಎರಡೂ ನಿಜ. ಅವರು ಅಪ್ಪನನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನ್ನದಲ್ಲ. ಬದಲಾವಣೆ ಇತ್ತೆಂದು ತಿಳಿದರೆ ಗಾಯ ಇರಲಿಲ್ಲ ಎಂದಾಗುವುದಿಲ್ಲ. ಆದರೆ ತಮ್ಮ ನೋವು ಅಪ್ಪನಿಗೆ ತಿಳಿಯಲೇ ಇಲ್ಲ ಎಂದು ಅವರು ಐವತ್ತು ವರ್ಷ ನಂಬಿದ್ದರಲ್ಲ, ಆ ಒಂದು ಲೆಕ್ಕವಾದರೂ ಸರಿಹೋಯಿತು.

ಮನೆಯಲ್ಲಿ ಯಾರಿಗೂ ತುಪಾಕಿ ಬೇಡವಾಗಿತ್ತು. ಒಪ್ಪಿಸಿಬಿಡುವುದೆಂದು ತೀರ್ಮಾನವಾಯಿತು. ಠಾಣೆಗೆ ನಾವು ಮೂವರೂ ಹೋದೆವು. ಕಾಗದ ಬರೆಯುತ್ತಿದ್ದವರು, "ಎಷ್ಟು ವರ್ಷದ್ದು ಇದು?" ಎಂದು ಕೇಳಿದರು. ಯಜಮಾನರು ನನ್ನ ಮುಖ ನೋಡಿದರು. ನಾನು ಬಾಯಿ ಬಿಡುವ ಮುಂಚೆ ನಾದಿನಿ, "ಒಡಲು ಹಳೇದು ಸ್ವಾಮಿ, ಗಣಿಗೆ ಕರೆಂಟು ಬರೋಕೆ ಮುಂಚಿಂದು ಅಂತಿದ್ರು ನಮ್ಮಪ್ಪ. ನಳಿಗೆ ಆಮೇಲಿಂದು" ಎಂದರು. ಅವರು ತಲೆಯೆತ್ತಿ ನೋಡಿ, ಏನೋ ಬರೆದುಕೊಂಡು, ಕಾಗದವನ್ನು ಇವರ ಕಡೆ ತಿರುಗಿಸಿದರು.

ನಾದಿನಿ ಕನ್ನಡಕ ಹಾಕಿಕೊಂಡು ಇಡೀ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ತುಟಿ ಅಲ್ಲಾಡಿಸುತ್ತಾ ಓದಿದರು. ಹಿಂದೆ ನಿಂತವರು ಗೊಣಗಿದರೂ ಬಿಡಲಿಲ್ಲ. ಆಮೇಲೆ ದುಂಡಗೆ ಪೂರ್ತಿ ಹೆಸರು ಬರೆದರು. ತಾರೀಕು ಬೇಕಾಗಿಲ್ಲ ಅಮ್ಮ, ನಾವು ಹಾಕ್ಕೋತೀವಿ ಎಂದರು ಅಲ್ಲಿದ್ದವರು. ಅವರು ಕೇಳಿಸಿಕೊಂಡರೂ ಹೆಸರಿನ ಕೆಳಗೆ ತಾರೀಕು ಬರೆದೇ ಪೆನ್ನು ಕೆಳಗಿಟ್ಟರು.